ಭಾವನ ಕೈಗೆ ಸಿಕ್ಕ ಲಿಲಿ

ಮಾರ್ಚ್ ೯, ಭಾನುವಾರ

ಮುದ್ದು ಪುಟ್ಟಿ,

ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಪೆನ್ನು ಹಿಡಿದರೆ ಭಾವನ ಮೇಲಿನ ಸಿಟ್ಟೇ ಮೊದಲು ಬರುತ್ತಿತ್ತು. ಸ್ವಲ್ಪ ತಣ್ಣಗಾಗಲಿ ಎಂದು ಕಾದೆ. ಆಗಲಿಲ್ಲ.

ಅಮ್ಮ ಹೋದ ಮೇಲೆ ನಮಗೆ ಉಳಿದಿದ್ದ ಆ ಒಂದು ಕುಂಡ ಬಿಳಿ ಲಿಲಿಯೂ ಸತ್ತಿತು. ಕೊಂದವರು ದೊಡ್ಡಕ್ಕನ ಯಜಮಾನರು, ಲಿಲಿ ಪಂಡಿತರು. ನಾಲ್ಕು ಪುಸ್ತಕ ತಿರುವಿ ಹಾಕಿದ್ದಾರೆ ನೋಡು, ಅಲ್ಪವಿದ್ಯೆ ಮಹಾಗರ್ವಿ.

ಹಿತ್ತಲಲ್ಲಿ ಹಾಯಾಗಿದ್ದ ಕುಂಡವನ್ನು ಹೋದ ವರ್ಷ ಹಜಾರಕ್ಕೆ ತಂದರು. ಬಂದವರಿಗೆ ತೋರಿಸಬೇಕಲ್ಲ. ಅಡಿಯಲ್ಲಿ ತೂತೇ ಇಲ್ಲದ ಪಿಂಗಾಣಿ ಪಾತ್ರೆಯೊಳಗೆ ಕೂರಿಸಿ ದಿನಾ ಒಂದು ಚೊಂಬು ನೀರು. ಹೂ ಬಿಟ್ಟಾಗ ಪುಡಿ ಉದುರಿ ಸೋಫಾಗೆ ಕಲೆಯಾಗುತ್ತದೆಂದು ಕೇಸರದ ತುದಿಗಳನ್ನೆಲ್ಲ ಕತ್ತರಿಸಿದರು. ಮನೆಯೊಳಗೆ ಹಾಗೆ ಮಾಡುವವರುಂಟು, ಒಪ್ಪುತ್ತೇನೆ. ಅದೇ ಹೂವನ್ನು ಪುಷ್ಪ ಪ್ರದರ್ಶನಕ್ಕೆ ಹೊತ್ತುಕೊಂಡು ಹೋಗುವುದೇ? ತೀರ್ಪುಗಾರ್ತಿ ಕನ್ನಡಕ ಏರಿಸಿ, ಕೇಸರವೆಲ್ಲಿ ಎಂದು ಕೇಳಿದರಂತೆ. ಇವರು, ಇದು ಕೇಸರವೇ ಇಲ್ಲದ ಅಪರೂಪದ ಜಾತಿ ಅಂದರಂತೆ. ಆಕೆ ಕತ್ತರಿಯ ಗುರುತನ್ನು ಬೆರಳಿಟ್ಟು ತೋರಿಸಿ ಮುಂದಿನ ಮೇಜಿಗೆ ಹೋದರಂತೆ. ದೊಡ್ಡಕ್ಕನೇ ನಗು ತಡೆಯಲಾರದೆ ಹೇಳಿದ್ದು.

ಹೂ ಉದುರಿದ ಮೇಲೆ ಹಸಿರು ಕಾಂಡವನ್ನೂ ಬುಡಕ್ಕೆ ಕತ್ತರಿಸಿಬಿಟ್ಟರು. ಎಲೆ ತಾನಾಗಿ ಹಳದಿಯಾಗಿ ಒಣಗುವ ತನಕ ಗೆಡ್ಡೆಗೆ ಅನ್ನ ಹಾಕುವುದು ಅದೇ ಎಂದು ಎಷ್ಟು ಬಡಕೊಂಡೆ.

"ನೀನು ಸುಮ್ನಿರಮ್ಮ. ಬೋಳು ಕಡ್ಡಿ ಇಟ್ಕೊಂಡು ಕೂತ್ರೆ ನೋಡೋರು ಏನಂತಾರೆ?" ಅಂದರು.

ಆಮೇಲೂ ಬರೀ ಮಣ್ಣಿಗೆ ನೀರು ಹುಯ್ಯುವುದನ್ನು ನಿಲ್ಲಿಸಲಿಲ್ಲ.

ಎರಡು ತಿಂಗಳ ಹಿಂದೆ ನಾನೇ ಹೋಗಿ ಮಣ್ಣು ಕೆದಕಿದೆ. ಗೆಡ್ಡೆ ಕೊಳೆತ ಈರುಳ್ಳಿಯ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಪಂಡಿತರು ಪಕ್ಕದಲ್ಲೇ ನಿಂತು, ಗೆಡ್ಡೆಗೆ ಮೊದಲಿಂದಲೂ ರೋಗವಿತ್ತು ಎಂದು ಉಪನ್ಯಾಸ ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೆಡ್ಡೆಯ ನಡುವೆ ಬೆಳ್ಳುಳ್ಳಿಯದರಂಥ ಮೂರು ಎಸಳು ಮಾತ್ರ ಗಟ್ಟಿಯಾಗಿದ್ದವು. ಬಿಡಿಸಿ ತಂದು, ತೇವದ ಮರಳಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟೆ. ಎರಡು ಬೂಷ್ಟು ಹಿಡಿದವು. ಒಂದರ ಬುಡದಲ್ಲಿ ಬಟಾಣಿಯಷ್ಟು ಮರಿಗೆಡ್ಡೆ ಮೂಡಿದೆ.

ಅದನ್ನು ನಿನಗೆ ಕಳಿಸುತ್ತಿದ್ದೇನೆ. ತೂತಿರುವ ಕುಂಡ ತಗೋ, ಮಣ್ಣಿಗೆ ಅರ್ಧ ಮರಳು ಬೆರೆಸು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಬೇರಿಗೆ ನೆರಳಿರಲಿ, ತಲೆಗೆ ಬಿಸಿಲಿರಲಿ. ಹೂವಿಗೆ ಎರಡು ಮೂರು ವರ್ಷ ಬೇಕಾದೀತು, ಆತುರಪಡಬೇಡ. ಭಾವನ ಕಣ್ಣಿಗಂತೂ ಬೀಳಿಸಬೇಡ, ಪುಸ್ತಕ ಹಿಡಿದು ಓಡಿ ಬಂದಾರು.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ, ಆರೋಗ್ಯವಾಗಿರಿ.

ನಿನ್ನ
ಚಿಕ್ಕಕ್ಕ

ಮರೆತ ಮಾತು: ನೀನೇ ಯಾಕೆ ಇಟ್ಟುಕೊಳ್ಳಬಾರದು ಅಂತ ನೀನು ಕೇಳೇ ಕೇಳುತ್ತೀಯ. ನಮ್ಮ ಹಳೇ ಮನೆ ಖಾಲಿ ಮಾಡಿದ ದಿನ ಅಮ್ಮ ಆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮೊದಲು ಬಂದದ್ದು ನನ್ನ ಮನೆಗೆ. ಹೊಸ ನೆಲ, ಮಣ್ಣಾಗುತ್ತದೆ ಅಂದೆ. "ಹೊರಗೆ ಮೂಲೇಲಾದ್ರೂ ಇಟ್ಕೊಳ್ಳೇ" ಅಂದಳು. ಜಾಗವಿಲ್ಲ ಅಂದೆ. ಒಂದು ಲೋಟ ನೀರು ಕುಡಿದು, ಕುಂಡ ಎತ್ತಿಕೊಂಡು ಹೋದಳು. ಭಾವ ಬಾಗಿಲಲ್ಲೇ ಎರಡೂ ಕೈಯಲ್ಲಿ ಇಸಕೊಂಡರಂತೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಸಾಯುವ ತನಕ ಅಮ್ಮನೂ ಯಾರಿಗೂ ಹೇಳಲಿಲ್ಲ.