ಇದ್ರಿಸ್ ಒಯ್ದ ಮರಿದೋಣಿ

ಜೂನ್ 21, 1986. ಬೆಳಗ್ಗೆ 7

ಚಹಾ ಆಯಿತು. ಆಲಿವ್, ಚೀಸ್, ಮೊನ್ನೆಯ ಬ್ರೆಡ್ಡು. ಬ್ರೆಡ್ಡು ಎಷ್ಟು ಗಟ್ಟಿಯೆಂದರೆ ಲಂಗರಿನ ಬದಲು ಇಳಿಬಿಡಬಹುದು. ಗಾಳಿ ಇನ್ನೂ ಎದ್ದಿಲ್ಲ. ಇಲ್ಲಿಯ ಬೇಸಿಗೆ ಗಾಳಿ ಸರ್ಕಾರಿ ನೌಕರನ ಹಾಗೆ — ಹನ್ನೊಂದಕ್ಕೆ ಬರುತ್ತದೆ, ಆದರೆ ಬಂದ ಮೇಲೆ ಸಂಜೆವರೆಗೂ ಕದಲುವುದಿಲ್ಲ.

ಬಟ್ಟೆ ಚಪ್ಪರದ ಕಂಬ ನಿನ್ನೆ ಮುರಿಯಿತು. ಬೋಟಿನ ಹಿಂದೆ ಕಟ್ಟಿರುವ ಮರಿದೋಣಿಯ ಎರಡು ಹುಟ್ಟುಗಳಲ್ಲಿ ಒಂದನ್ನು ತಂದು ನಿಲ್ಲಿಸಿದೆ. ನೆರಳು ಚೆನ್ನಾಗಿದೆ.

ನಮ್ಮೂರು ಮರ್ಮಾರಿಸ್ ಬಿಟ್ಟು ಆರು ದಿನ. ಮೂವತ್ತೊಂದು ವರ್ಷ ಟೆಲಿಗ್ರಾಂ ಮೇಜಿನ ಹಿಂದೆ ಕೂತವನು ನಾನು. ನಿವೃತ್ತಿಯಾದ ಹದಿನೈದೇ ದಿನಕ್ಕೆ ಸ್ವಂತ ಬೋಟಿನಲ್ಲಿ ಹೊರಟೆ. ಹೊರಡುವಾಗ ಅತ್ತಿಗೆ ನೈಲೆ, "ಊರೂರಲ್ಲೂ ಒಂದೊಂದು ಕಾರ್ಡ್ ಹಾಕು ವೆಹ್ಬಿ" ಎಂದಳು. "ಈ ಬೇಸಿಗೆ ಪೋಸ್ಟಾಫೀಸಿನ ಮೆಟ್ಟಿಲು ಹತ್ತಲ್ಲ ಅತ್ತಿಗೆ. ಸುದ್ದಿ ಬರದಿದ್ರೆ ಚೆನ್ನಾಗಿದ್ದೀನಿ ಅಂತ ತಿಳ್ಕೊಳ್ಳಿ" ಎಂದೆ. ಅಣ್ಣ ಹಾಲಿಸ್ ನಕ್ಕ. "ಊರಿಗೆಲ್ಲ ಸುದ್ದಿ ಮುಟ್ಟಿಸಿದೋನು, ಮನೆಗೆ ಮಾತ್ರ ಮುಟ್ಟಿಸಲ್ಲವಂತೆ."

ಜೂನ್ 24. ಸಂಜೆ

ಒಳ್ಳೆಯ ಕೊಲ್ಲಿ. ರಸ್ತೆ ಇಲ್ಲ. ಮೂರು ಮನೆ, ಎರಡಕ್ಕೆ ಬೀಗ. ಮೂರನೆಯದರಿಂದ ಒಬ್ಬ ಓಡಿಬಂದು ನನ್ನ ಹಗ್ಗ ಹಿಡಿದು ಬಂಡೆಗೆ ಬಿಗಿದ. ಹೆಸರು ಇದ್ರಿಸ್. ನನ್ನಷ್ಟೇ ಎತ್ತರ, ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನ ದೋಣಿ ದಡದಲ್ಲಿ ಬೋರಲಾಗಿದೆ, ಸಂದುಗಳಿಗೆ ಹತ್ತಿ ತುಂಬುತ್ತಿದ್ದಾನೆ. ಹೆಂಡತಿ ಜೆನ್ನೆತ್‌ಗೆ ಹಲ್ಲುನೋವು. ಕೆನ್ನೆಗೆ ಬಟ್ಟೆ ಕಟ್ಟಿಕೊಂಡೇ ನನಗೆ ಬ್ರೆಡ್ಡು ಸುಟ್ಟುಕೊಟ್ಟಳು. ಬಿಸಿ ಬ್ರೆಡ್ಡು! ಕಣ್ಣಲ್ಲಿ ನೀರು ಬಂತು.

ಆಕಾಶ ತಿಳಿಯಾಗಿತ್ತು. ದೂರದಲ್ಲಿ ಗಡಿಯಾಚೆಯ ರೋಡ್ಸ್ ದ್ವೀಪ, ನೀಲಿ ಗೆರೆಯ ಹಾಗೆ. ಇದ್ರಿಸ್ ನನ್ನ ಮರಿದೋಣಿಯ ಇಂಜಿನ್ ಸವರಿ ಹೇಳಿದ: "ಇದು ನನ್ನ ಹತ್ರ ಇದ್ದಿದ್ರೆ ಅಣ್ಣ, ಬೆಳಗಿನ ಚಹಾ ಇಲ್ಲಿ, ಸಂಜೇದು ರೋಡ್ಸಲ್ಲಿ. ಅಲ್ಲಿಂದ ಸೀದಾ ಜರ್ಮನಿ."

"ಹೋಗು ಹೋಗು," ಎಂದಳು ಜೆನ್ನೆತ್, ಕೆನ್ನೆ ಹಿಡಿದುಕೊಂಡೇ. "ನಿನ್ನ ಗೊರಕೆ ಕೇಳಿ ಜರ್ಮನಿಯೋರು ಅವರ ಖರ್ಚಲ್ಲೇ ವಾಪಸ್ ಕಳಿಸ್ತಾರೆ."

ಜೂನ್ 25. ಮಧ್ಯಾಹ್ನ

ಪಾಪ, ಅವಳ ಮುಖ ಉಬ್ಬಿದ ಹಿಟ್ಟಿನ ಹಾಗಾಗಿದೆ. ಒಂದು ಕಣ್ಣು ಮುಚ್ಚಿಹೋಗಿದೆ. ಭೂಶಿರ ದಾಟಿದರೆ ಹಳ್ಳಿ, ಅಲ್ಲಿ ಔಷಧಿ ಸಿಗುತ್ತದೆ. ಇದ್ರಿಸ್ ಮರಿದೋಣಿ ಕೇಳಿದ. ಕೊಟ್ಟೆ. ನೀರು ಎರಚುತ್ತದೆಂದು ನನ್ನ ಹಳದಿ ರೈನ್‌ಕೋಟನ್ನೂ ಹಾಕಿ ಕಳಿಸಿದೆ. "ಸಂಜೆ ಚಹಾಕ್ಕೆ ಬಂದೆ ಅಂದ್ಕೊಳ್ಳಿ ಅಣ್ಣ" ಎಂದ. ಹತ್ತು ಗಂಟೆಗೆ ಹೊರಟ. ಹನ್ನೊಂದಕ್ಕೆ ಗಾಳಿ ಬಂತು. ಇವತ್ತು ಸ್ವಲ್ಪ ಜೋರು.

ಜೂನ್ 26

ಬರಲಿಲ್ಲ. ಗಾಳಿಗೆ ಹೆದರಿ ಹಳ್ಳಿಯಲ್ಲೇ ಉಳಿದಿರಬೇಕು.

ಜೂನ್ 28. ಮಧ್ಯಾಹ್ನ 3

ಕಡಲ ತಳದಿಂದ ಸ್ಪಂಜು ತೆಗೆಯುವವರ ಬೋಟೊಂದು ನೀರು ತುಂಬಿಸಿಕೊಳ್ಳಲು ಬಂತು. ಹಳ್ಳಿಯಿಂದಲೇ ಬಂದವರು. ಅಲ್ಲಿಗೆ ಇದ್ರಿಸ್ ಹೋಗಿಯೇ ಇಲ್ಲ. ಅದರ ಮುದುಕ ಕ್ಯಾಪ್ಟನ್ ಹೇಳಿದ: "ಹಳದಿ ಕೋಟಿನೋನಾ? ಮೂರು ದಿನದ ಹಿಂದೆ ಕಂಡಿದ್ನಲ್ಲ. ದೂರದಲ್ಲಿ. ರೋಡ್ಸ್ ಕಡೆ ಹೋಗ್ತಿದ್ದ. ಕೈ ಬೀಸಿದ, ನಾವೂ ಬೀಸಿದ್ವಿ."

ರೋಡ್ಸ್! ಚಹಾ ಕುಡಿಸಿ, ಬ್ರೆಡ್ಡು ತಿನ್ನಿಸಿ, ನನ್ನ ದೋಣಿ, ನನ್ನ ಇಂಜಿನ್, ನನ್ನ ಕೋಟು — ಎಲ್ಲ ಹೊತ್ತು ಪರಾರಿ. ಈ ವಯಸ್ಸಿಗೆ ಹೀಗೆ ಮೋಸಹೋದೆನಲ್ಲ.

ಜೆನ್ನೆತ್‌ಗೆ ಮುಖದ ಮೇಲೇ ಹೇಳಿದೆ. ಅವಳ ಹಲ್ಲಿನ ಬಾವು ನಿನ್ನೆ ತಾನೇ ಒಡೆದು ಇಳಿದಿತ್ತು. "ಅವನು ನನಗೆ ಔಷಧಿ ತರೋಕೆ ಹೋದೋನು" ಎಂದಳು. "ನಿನ್ನ ಹಲ್ಲು ಅವನಿಗೆ ನೆಪ ಆಯ್ತು ತಂಗಿ. ಕಳ್ಳನ್ನ ಕಟ್ಕೊಂಡಿದ್ದೀಯ" ಎಂದೆ.

ಅವಳು ಬಂಡೆಯಿಂದ ನನ್ನ ಹಗ್ಗ ಬಿಚ್ಚಿದಳು, ಸುತ್ತಿದಳು, ಬೋಟಿನೊಳಕ್ಕೆ ಎಸೆದಳು. "ಹೋಗಿ."

ಹೊರಟೆ.

ಜುಲೈ 9. ದಾತ್ಚಾ

ಚಹಾದಂಗಡಿಯಲ್ಲಿ ಕಥೆ ಹೇಳಿದೆ. ಎಲ್ಲರೂ ಕುರ್ಚಿ ಎಳೆದುಕೊಂಡು ಬಂದರು. ನಿನ್ನೆಗಿಂತ ಇವತ್ತು ಚೆನ್ನಾಗಿ ಬಂತು. ಇವತ್ತಿನ ಕಥೆಯಲ್ಲಿ ಇದ್ರಿಸ್ ಹೋಗುವಾಗ ನನ್ನ ಕಡೆ ತಿರುಗಿ ಕಣ್ಣು ಹೊಡೆದ. ಹಾಗೇನೂ ಆಗಿರಲಿಲ್ಲ. ಆದರೆ ಕಥೆಗೆ ಬೇಕಿತ್ತು. ಚಹಾದವನು ದುಡ್ಡು ಬೇಡವೆಂದ. "ಅಣ್ಣ, ನಾಳೆನೂ ಬನ್ನಿ. ಆ ಗೊರಕೆ ಭಾಗ ಇನ್ನೊಂದ್ಸಲ ಆಗಲಿ."

ಜುಲೈ 30. ಬೋದ್ರುಮ್ ಆಚೆ

ಹಳೆಯ ಮರಿದೋಣಿಯೊಂದು ಸಿಕ್ಕಿತು. ಪೈನ್ ಮರಗಳು ನೀರಿನವರೆಗೂ ಇಳಿದಿವೆ. ಈಜಿದೆ. ಪೆನ್ಷನ್ ಕಾರ್ಡ್ ಹುಡುಕಿ ಸುಸ್ತಾದೆ. ರೈನ್‌ಕೋಟಿನ ಒಳಜೇಬಲ್ಲೇ ಹೋಗಿದೆ! ಇದ್ರಿಸ್ ಸಾಹೇಬರು ಜರ್ಮನಿಯಲ್ಲಿ ನನ್ನ ಹೆಸರಲ್ಲಿ ಮೆರೆಯುತ್ತಿರಬಹುದು. ಇದನ್ನೂ ಕಥೆಗೆ ಸೇರಿಸಬೇಕು.

ಆಗಸ್ಟ್ 11. ಮರ್ಮಾರಿಸ್. ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯಬೇಕು. ಏನೂ ಸೇರಿಸಬಾರದು.

ಹತ್ತಕ್ಕೆ ಬಂದರಿಗೆ ಬಂದೆ. ಬೋಟು ಕಟ್ಟಿದೆ. ಮಸೀದಿಯ ಮುಂದೆ ದೊಡ್ಡ ಬಾಣಲೆ, ಉದ್ದ ಸಾಲು. ಲೊಕ್ಮಾ ಕರಿಯುತ್ತಿದ್ದರು — ಹಿಟ್ಟಿನ ಉಂಡೆ, ಪಾಕದಲ್ಲಿ ಅದ್ದಿದ್ದು. ಯಾರೋ ಸತ್ತ ನಲವತ್ತನೆಯ ದಿನ. ಆರು ವಾರದಿಂದ ಸಿಹಿ ತಿಂದಿರಲಿಲ್ಲ. ಸಾಲಲ್ಲಿ ನಿಂತೆ. ಕರಿಯುವವನು ಹೊರಗಿನಿಂದ ಬಂದವನು, ಗುರುತಿಲ್ಲ. ಐದು ಉಂಡೆ ಹಾಕಿದ. ಒಂದು ಬಾಯಿಗಿಟ್ಟು ಕೇಳಿದೆ, "ಯಾರ ಹೆಸರಲ್ಲಪ್ಪ?"

"ಪೋಸ್ಟಾಫೀಸಿನ ವೆಹ್ಬಿ ಅಂತೆ. ಸಮುದ್ರ ನುಂಗ್ತು. ಒಳ್ಳೆ ಮನುಷ್ಯ ಅಂತಾರೆ. ಇನ್ನೆರಡು ಹಾಕಿಸ್ಕೊಳ್ಳಿ."

"ದೇವರು ಒಳ್ಳೇದು ಮಾಡ್ಲಿ" ಎಂದುಬಿಟ್ಟೆ, ಅಭ್ಯಾಸಬಲ. ಹೆಸರು ಆಮೇಲೆ ತಲೆಗೆ ಹೋಯಿತು.

ಅಷ್ಟರಲ್ಲಿ ಏನೋ ಬಿದ್ದ ಸದ್ದು. ಅಣ್ಣ. ಕೈಯಲ್ಲಿದ್ದ ತಟ್ಟೆಗಳೆಲ್ಲ ನೆಲದ ಮೇಲೆ. ಮುಖ ಸುಣ್ಣ. ಹತ್ತಿರ ಬಂದ, ನನ್ನ ಕೆನ್ನೆ ಮುಟ್ಟಿ ನೋಡಿದ, ಆಮೇಲೆ ಅದೇ ಕೆನ್ನೆಗೆ ಬಾರಿಸಿದ. ಐವತ್ತಾರು ವರ್ಷದ ನನಗೆ, ಬಂದರಿನ ಎಲ್ಲರ ಮುಂದೆ.

"ಲೋ! ನಾನೇ ನಿನ್ನ ಮಣ್ಣಿಗಿಳಿಸಿದೆ ಕಣೋ! ಈ ಎರಡು ಕೈಯಲ್ಲಿ!"

ಆಮೇಲೆ ತಬ್ಬಿಕೊಂಡು ಅತ್ತ. ಮಗುವಿನ ಹಾಗೆ ಅತ್ತ. ಜನ ಮುತ್ತಿಕೊಂಡರು. ಯಾರೋ ಭುಜ ಹಿಂಡಿದರು, ಯಾರೋ ಮೂಗು ಹಿಡಿದು ನೋಡಿದರು. ಹಳೆ ಅಂಚೆಯವನು ರಮೀಜ್ ಕೂಗಿದ: "ವೆಹ್ಬಿ, ನಿನ್ನ ಬಗ್ಗೆ ಎಷ್ಟು ಸುಳ್ಳು ಹೊಗಳಿದೀನಿ ಗೊತ್ತಾ? ವಾಪಸ್ ಕೊಡು!" ಕರಿಯುವವನು ಹೊಸ ಹಿಟ್ಟು ಬಿಟ್ಟ. ಸತ್ತವನಿಗೆ ಮಾಡಿದ್ದು ಈಗ ಬದುಕಿದವನಿಗೆ. ಎಲ್ಲರೂ ನಗುತ್ತಿದ್ದರು. ನಾನೂ.

ಅಣ್ಣ ನಡುನಡುವೆ ಹೇಳಿದ. ಜುಲೈ ಮೂರರಂದು ಮೀನುಗಾರರಿಗೆ ಹೆಣ ಸಿಕ್ಕಿತಂತೆ, ಪೂರ್ವದ ಕಡಲಂಚಿನಲ್ಲಿ. ನೀರಲ್ಲಿ ವಾರ ಕಳೆದ ಹೆಣ, ಮುಖ ಮುಖವಾಗಿರಲಿಲ್ಲ. ಎತ್ತರ ನನ್ನದೇ. ಹಳದಿ ಕೋಟು. ಒಳಜೇಬಲ್ಲಿ ನನ್ನ ಪೆನ್ಷನ್ ಕಾರ್ಡ್. "ಎರಡು ವಾರದಿಂದ ಸುದ್ದಿನೂ ಇರಲಿಲ್ಲ. ಇನ್ನೇನು ಅಂದ್ಕೊಳ್ಳಲಿ ನಾನು?"

ಅತ್ತಿಗೆ ನೈಲೆ ಒಬ್ಬಳೇ ನಗುತ್ತಿರಲಿಲ್ಲ. ನನ್ನ ತೋಳು ಹಿಡಿದಳು.

"ವೆಹ್ಬಿ," ಎಂದಳು ಮೆಲ್ಲಗೆ, "ಹಾಗಾದ್ರೆ ಮಣ್ಣಲ್ಲಿರೋದು ಯಾರು?"

ಅದೇ ದಿನ. ಸಂಜೆ 6

ಬೋಟಿಗೆ ಬಂದು ಕೂತಿದ್ದೇನೆ. ಯಾರ ಜೊತೆಗೂ ಮಾತಾಡಲಾರೆ.

ಕೈ ಬೀಸಿದನಂತೆ. ಸ್ಪಂಜಿನವರೂ ಬೀಸಿದರಂತೆ.

ಇದ್ರಿಸ್ ರೋಡ್ಸ್‌ಗೆ ಹೋಗುತ್ತಿರಲಿಲ್ಲ. ಇಂಜಿನ್ ನಿಂತಿತ್ತು. ಗಾಳಿ ಅವನನ್ನು ಆ ಕಡೆ ಒಯ್ಯುತ್ತಿತ್ತು. ಕೂಗುತ್ತಿದ್ದ. ಅವರು ಸಲಾಂ ಅಂದುಕೊಂಡರು.

ಇಂಜಿನ್ ನಿಂತರೇನು, ಸಮುದ್ರದಲ್ಲೇ ಹುಟ್ಟಿ ಬೆಳೆದವನು, ಹುಟ್ಟು ಹಾಕಿಕೊಂಡು ದಡ ಸೇರಬಹುದಿತ್ತಲ್ಲ ಎಂದು ಯೋಚಿಸುತ್ತ ಮೇಲೆ ನೋಡಿದೆ. ನನ್ನ ತಲೆಯ ಮೇಲೆ ಚಪ್ಪರ. ಚಪ್ಪರದ ಕೆಳಗೆ ಹುಟ್ಟು.

ಅವನ ಹತ್ತಿರ ಇದ್ದದ್ದು ಒಂದೇ.

ಆ ನೆರಳಲ್ಲಿ ಏಳು ವಾರ ಮಲಗಿದ್ದೇನೆ. ಆ ನೆರಳಲ್ಲೇ ಕೂತು ಅವನನ್ನು ಕಳ್ಳ ಎಂದು ಈ ಪುಸ್ತಕದಲ್ಲಿ...

ಆಗಸ್ಟ್ 12. ಬೆಳಗ್ಗೆ

ಪೊಲೀಸ್ ಠಾಣೆ. ಸಾರ್ಜೆಂಟ್ ಚಿಕ್ಕ ವಯಸ್ಸಿನವನು, ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಚಾಚಾ, ಮೊದಲು ನೀವು ಬದುಕಿದ್ದೀರಿ ಅಂತ ಅರ್ಜಿ ಬೇಕು." "ಎದುರಿಗೇ ನಿಂತಿದ್ದೀನಲ್ಲಪ್ಪ." "ನಿಂತ್ರೆ ಸಾಲ್ದು ಚಾಚಾ, ಸಹಿ ಬೇಕು." ಸಹಿ ಹಾಕಿದೆ. ಇದ್ರಿಸ್ ಹೆಂಡತಿಗೆ ಶುಕ್ರವಾರ ಇಬ್ಬರನ್ನು ಕಳಿಸಿ ತಿಳಿಸುತ್ತಾರಂತೆ.

"ಅವರೇ ತಿಳಿಸ್ಲಿ. ಅದು ಅವರ ಕೆಲಸ" ಎಂದ ಅಣ್ಣ.

"ಕಳ್ಳ ಅಂತ ನನ್ನ ಬಾಯಲ್ಲೇ ಹೇಳಿದ್ದು. ಇದನ್ನೂ ಇದೇ ಬಾಯಿ ಹೇಳಬೇಕು."

ಅತ್ತಿಗೆ ಆಗಲೇ ತಲೆಗೆ ವಸ್ತ್ರ ಕಟ್ಟಿಕೊಂಡು ಚೀಲ ಹಿಡಿದು ನಿಂತಿದ್ದಳು. "ಕೇಳಿದ ಮೇಲೆ ಅವಳನ್ನ ಹಿಡ್ಕೊಳ್ಳೋಕೆ ಒಂದು ಹೆಂಗಸು ಬೇಡ್ವಾ? ನೀವು ಗಂಡಸರು ಸಮುದ್ರ ನೋಡ್ತಾ ನಿಂತಿರ್ತೀರಿ."

ಹೊರಡುವ ಮೊದಲು ಗೋರಿಯ ಹತ್ತಿರ ಹೋದೆ. ಹಲಗೆಯ ಮೇಲೆ ನನ್ನ ಹೆಸರು, ನಾನು ಹುಟ್ಟಿದ ವರ್ಷ. ಹೊಸ ಮಣ್ಣು. ಯಾರೋ ನೀರು ಹಾಕಿದ್ದಾರೆ, ನನಗೆಂದು. ಪ್ರಾರ್ಥನೆ ಹೇಳಲು ಬಾಯಿ ತೆರೆದೆ. ಯಾವ ಹೆಸರು ಹೇಳಬೇಕೆಂದು ಗೊತ್ತಿತ್ತು. ಹೇಳದೇ ಬೋಟಿಗೆ ವಾಪಸಾದೆ.

ಅದೇ ದಿನ. ಸಂಜೆ 5. ಕೊಲ್ಲಿ

ಎಂಥ ಕೆಲಸ ಮಾಡಿದೆ.

ಜೆನ್ನೆತ್ ದೂರದಿಂದಲೇ ಬೋಟು ಗುರುತಿಸಿ ದಡಕ್ಕೆ ಬಂದಳು. ಹಗ್ಗ ಹಿಡಿದು ಬಂಡೆಗೆ ಬಿಗಿದಳು, ಅವನು ಬಿಗಿದ ಹಾಗೇ. ನಾನು ಇಳಿಯುವ ಮೊದಲೇ ಕೇಳಿದಳು: "ಸಿಕ್ಕಿದ್ನಾ?"

ನಾನು ದಡಕ್ಕಿಳಿದೆ.

"ಸಿಕ್ಕಿದ್ರೆ ಹೊಡೀಬೇಡಿ ಅಣ್ಣ. ಅವತ್ತು ನೀವು ಕಳ್ಳ ಅಂದಾಗ ಮೈಯೆಲ್ಲ ಉರೀತು. ಆಮೇಲೆ ಅನ್ಕೊಂಡೆ, ಓಡಿಹೋದೋನು ಅಂದ್ರೆ ಎಲ್ಲೋ ಒಂದ್ಕಡೆ ಉಣ್ತಿದ್ದಾನೆ, ಮಲಗ್ತಿದ್ದಾನೆ ಅಂತಾಯ್ತಲ್ಲ. ನಿಮ್ಮ ಆ ಒಂದು ಮಾತು ಹಿಡ್ಕೊಂಡೇ ದಿನಾ ಬೆಳಗ್ಗೆ ಏಳ್ತಿದ್ದೀನಿ."

ಈಗ ಹೇಳಬೇಕಿತ್ತು. ಹೇಳಲೆಂದೇ ಬಂದವನು. ಮೂವತ್ತೊಂದು ವರ್ಷ ನಮ್ಮ ಜನ ಸತ್ತ ಸುದ್ದಿಯನ್ನು ಟೆಲಿಗ್ರಾಂನಲ್ಲಿ ಹೇಗೆ ಬರೆಸುತ್ತಿದ್ದರು? 'ಕಾಯಿಲೆ ಜೋರು, ಕೂಡಲೇ ಬನ್ನಿ.' ಸಾವಿರ ಸಲ ಕಳಿಸಿದ್ದೇನೆ. ಅದೇ ಹೊರಬಂತು.

"ಹುಷಾರಿಲ್ಲ ತಂಗಿ. ಮರ್ಮಾರಿಸ್ ಆಸ್ಪತ್ರೇಲಿ ಇದ್ದಾನೆ."

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು — ನಗುತ್ತಿತ್ತು.

ಈಗ ಕೋಳಿ ಕುಯ್ದು ಸಾರು ಮಾಡುತ್ತಿದ್ದಾಳೆ. ಆಡಿಗೆ ಎರಡು ದಿನದ ಮೇವು ಹಾಕಿದಳು. ಅತ್ತಿಗೆ ಬೋಟಿಗೆ ಬಂದು ಹಲ್ಲು ಕಚ್ಚಿ ಹೇಳಿದಳು: "ಆಸ್ಪತ್ರೆಯಂತೆ! ನಾಳೆ ಅವಳನ್ನ ಯಾವ ಮಂಚದ ಹತ್ರ ಕರ್ಕೊಂಡು ಹೋಗ್ತೀಯ? ತೋರಿಸು ನೋಡೋಣ!"

"ನೀನೇ ಹೇಳಿಬಿಡು ಅತ್ತಿಗೆ."

"ನಾನ್ಯಾಕೆ ಹೇಳ್ಲಿ? ನಿನ್ನ ಬಾಯಿ ಅಂದಿದ್ದೆಯಲ್ಲ."

ಆಗಸ್ಟ್ 13. ಬೆಳಗ್ಗೆ 9. ದಾರಿಯಲ್ಲಿ

ಆರಕ್ಕೆ ಹೊರಟೆವು. ಸಮುದ್ರ ಕನ್ನಡಿ. ಅತ್ತಿಗೆ ಕೆಳಗೆ ಮಲಗಿದ್ದಾಳೆ, ತಲೆ ಸುತ್ತು ಎನ್ನುತ್ತಾಳೆ. ಸುಳ್ಳು. ಅಳುತ್ತಿದ್ದಾಳೆ.

ಜೆನ್ನೆತ್ ಚುಕ್ಕಾಣಿ ಹಿಡಿದಿದ್ದಾಳೆ. "ಕೊಡಿ ಅಣ್ಣ, ನೀವು ಸುಸ್ತಾಗಿದ್ದೀರಿ" ಎಂದು ತಾನೇ ತೆಗೆದುಕೊಂಡಳು. ನನಗಿಂತ ಚೆನ್ನಾಗಿ ನಡೆಸುತ್ತಾಳೆ. ಕಾಲ ಹತ್ತಿರ ಸಾರಿನ ಪಾತ್ರೆ, ಬಟ್ಟೆ ಸುತ್ತಿದ್ದು, ಬಿಸಿ ಆರದ ಹಾಗೆ. ತೊಡೆಯ ಮೇಲೆ ಅವನ ಉಣ್ಣೆ ಅಂಗಿ. ಆಸ್ಪತ್ರೆಯಲ್ಲಿ ಚಳಿ ಇರುತ್ತದಂತೆ.

ಇನ್ನು ಮೂರು ಗಂಟೆಯ ದಾರಿ. ಇಂಜಿನ್ ತಗ್ಗಿಸಿದೆ. ನಾಲ್ಕು ಗಂಟೆ ಆಗಲಿ.

10 ಗಂಟೆ

ಇನ್ನಷ್ಟು ತಗ್ಗಿಸಿದೆ. ಅವಳು ತವರಿನ ಕಥೆ ಹೇಳಿದಳು. ಇದ್ರಿಸ್ ಮೊದಲ ಸಲ ಹೆಣ್ಣು ಕೇಳಲು ಬಂದಾಗ ದೋಣಿಯಿಂದ ಜಾರಿ ನೀರಿಗೆ ಬಿದ್ದನಂತೆ, ಹೊಸ ಸೂಟಿನಲ್ಲಿ. ತಾನೇ ನಕ್ಕಳು. ಮೂರು ಸಲ ಬಾಯಿ ತೆರೆದೆ. ಮೂರು ಸಲ ನೀರು ಬೇಕಾ ಎಂದು ಕೇಳಿದೆ.

ಬರೆಯುವುದು ಸುಲಭ. ಇಲ್ಲಿ ಎಲ್ಲವನ್ನೂ ಬರೆದಿದ್ದೇನೆ.

10.40

ಮರ್ಮಾರಿಸ್‌ನ ಗುಡ್ಡ ಕಾಣುತ್ತಿದೆ.

ಇಂಜಿನ್‌ನತ್ತ ಮತ್ತೆ ಕೈ ಚಾಚಿದೆ. ಅವಳು ಹೇಳಿದಳು, ಮುಂದೆ ನೋಡುತ್ತಲೇ: "ಆಸ್ಪತ್ರೇಲಿ ಇರೋರನ್ನ ನೋಡೋಕೆ ಹೋಗುವಾಗ ಯಾರೂ ಇಷ್ಟು ಮೆಲ್ಲಗೆ ಬೋಟ್ ನಡೆಸಲ್ಲ ಅಣ್ಣ."

ನಾನು ಪೆನ್ನು ಹಿಡಿದುಕೊಂಡೇ ಕೂತೆ.

ಅವಳೇ ಕೈ ಚಾಚಿ ಇಂಜಿನ್ ನಿಲ್ಲಿಸಿದಳು. ಸದ್ದೇ ಇಲ್ಲ. ಬೋಟು ನೀರಿನ ಮೇಲೆ ಸುಮ್ಮನೆ ತೇಲುತ್ತಿದೆ.

"ಬೆಳಗಿಂದ ಬರೀತಿದ್ದೀರಿ. ಅದರಲ್ಲಿ ನಮ್ಮನೆಯವರಿದ್ದಾರಾ?"

"ಇದ್ದಾನೆ."

"ನನಗೆ ಓದೋಕೆ ಬರಲ್ಲ. ನೀವು ಓದಿ."

ಉಣ್ಣೆ ಅಂಗಿಯನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿ ಕೂತಿದ್ದಾಳೆ. ಕಾಯುತ್ತಿದ್ದಾಳೆ. ಹಾಳೆ ಹಿಂದಕ್ಕೆ ತಿರುಗಿಸುತ್ತಿದ್ದೇನೆ, ಜೂನ್ ಇಪ್ಪತ್ತನಾಲ್ಕಕ್ಕೆ. ಒಳ್ಳೆಯ ಕೊಲ್ಲಿ, ರಸ್ತೆ ಇಲ್ಲ, ಒಬ್ಬ ಓಡಿಬಂದು ನನ್ನ ಹಗ್ಗ ಹಿಡಿದು —