ವಿಮಲೆಯ ಮೂರನೆಯ ಟ್ಯೂಬು

೧೨ ಸೆಪ್ಟೆಂಬರ್ ೧೯೯೧
ಫೋರ್ಟ್‌ನಿಂದ ಪಾರ್ಲೆಯ ಮನೆಗೆ ಬಂದಾಗ ಕತ್ತಲಾಗಿತ್ತು. ಬ್ಯಾಂಕಿನಲ್ಲಿ ಹಾಫ್ ಇಯರ್ಲಿ ಕ್ಲೋಸಿಂಗ್ ಗಲಾಟೆ. ವಿಮಲಾ ಆಗಲೇ ಲ್ಯಾಬಿನಿಂದ ಬಂದು ಸುಮ್ಮನೆ ಕೂತಿದ್ದಳು. ಅವಳ ಪ್ರಯೋಗದ ಎರಡನೇ ಟ್ಯೂಬೂ ಹೋಯಿತಂತೆ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು. ಗಾಳಿ ಹೊಕ್ಕು ಒಳಗಿನ ಕಾರ್ಬನ್ ಪುಡಿ ಹಾಳು. ಮೊದಲನೆಯದರಲ್ಲಿ ಪುಡಿಗೆ ಸೇರಿಸುವ ಪೊಟ್ಯಾಸಿಯಂ ಜಾಸ್ತಿಯಾಗಿತ್ತು.
"ಜಾಸ್ತಿಯಾದ್ರೆ ಒಳ್ಳೇದಲ್ವೇನೇ?"
"ಇಲ್ಲಾರೀ. ಹದವಾಗಿ ಸೇರಿದ್ರೆ, ಚೆನ್ನಾಗಿ ತಣ್ಣಗೆ ಮಾಡಿದಾಗ, ಕರೆಂಟು ತಡೆಯೇ ಇಲ್ದೆ ಹರಿಯತ್ತೆ. ಹೆಚ್ಚಾದ್ರೆ ಹರಿಯೋದೇ ಇಲ್ಲ."
ನನಗೆ ತಿಳಿದದ್ದು ಅಷ್ಟೇ. ಸಾರನ್ನ ಕಲೆಸಿ ಕೊಟ್ಟೆ. ತಿಂದಳು.

೩ ಅಕ್ಟೋಬರ್
ವಿಮಲೆಗೆ ಐದು ತಿಂಗಳು. ಬೆಳಿಗ್ಗೆ ರಕ್ತ ಕಂಡಿತು. ಇನ್ನು ಹಾಸಿಗೆ ಬಿಟ್ಟು ಏಳಕೂಡದು ಎಂದರು ಡಾಕ್ಟರ್. ಹೋದ ಸಲದ ಹಾಗೆ... ಬೇಡ, ಬರೆಯುವುದಿಲ್ಲ.
ಆಸ್ಪತ್ರೆಯಲ್ಲಿ ಅಳಲಿಲ್ಲ. ರಿಕ್ಷಾದಲ್ಲಿ ಅತ್ತಳು. ಮೂರನೇ ಟ್ಯೂಬು ಸೀಲಾಗಿ ಕೂತಿದೆ. ತಣ್ಣಗೆ ಮಾಡಲು ಹೀಲಿಯಂ ಸಿಗುವುದು ಮುಂದಿನ ವಾರ.
"ನಮ್ಮ ಲ್ಯಾಬಿನ ಸಿದ್ದರಾಮಪ್ಪನವರು ಅಳತೆ ಮಾಡ್ತಾರೆ. ನಾನು ನೋಡೋ ಹಾಗಿಲ್ಲ, ಅಷ್ಟೆ."
"ನಾನು ಹೋಗಿ ನೋಡ್ಕೊಂಡು ಬರ್ಲಾ?" ಬಾಯಿಂದ ಬಂದೇಬಿಟ್ಟಿತು.
ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ನಿಜವಾಗ್ಲೂ?"

೧೦ ಅಕ್ಟೋಬರ್, ಸಂಜೆ
ಕ್ಯಾಶುವಲ್ ಲೀವ್. ಪಕ್ಕದ ಮನೆಯ ರಮಾಮಣಿಯವರು ವಿಮಲೆಯ ಜೊತೆ ಕೂತರು. ನಾನು ಲ್ಯಾಬಿಗೆ.
ಟ್ಯೂಬು ತಣ್ಣಗಾಗುತ್ತಿದ್ದಂತೆ ಮಷೀನಿನ ಪೆನ್ನು ಕರೆಂಟಿಗೆ ಎಷ್ಟು ತಡೆ ಎಂದು ಪೇಪರಿನ ಮೇಲೆ ಗೆರೆ ಎಳೆಯುತ್ತಿತ್ತು. ನೆಟ್ಟಗೆ. ಮಧ್ಯಾಹ್ನವಾದರೂ ನೆಟ್ಟಗೆ. ಇವಳಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಹದಿನೆಂಟು ಕೆಲ್ವಿನ್ ಹತ್ತಿರ — ಐಸು ಅದರ ಮುಂದೆ ಬೆಂಕಿಯಂತೆ — ಗೆರೆ ಸರ್ರನೆ ಕುಸಿಯಿತು.
ಧಾರವಾಡದ ಸಿದ್ದರಾಮಪ್ಪ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬಿತ್ತು ನೋಡ್ರಿ! ನಿಮ್ಮ ಮನಿಯವ್ರು ಗೆದ್ದರ್ರೀ!"
ಬಗ್ಗಿ ಆ ಗೆರೆಯನ್ನು ಇನ್ನೊಮ್ಮೆ ನೋಡಿದೆ.
ಪಾರ್ಲೆಗೆ ಬರುವಷ್ಟರಲ್ಲಿ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಶರ್ಟಿನ ಗುಂಡಿ ಕಿತ್ತುಹೋಗಿತ್ತು. ವಿಮಲಾ ಬಾಗಿಲನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲೇ ಗೊತ್ತಾಗಿಹೋಯಿತು. ಆದರೂ, "ಒಂದೇ ಸಲ ಹೇಳ್ಬೇಡಿ. ಹೋದಾಗಿಂದ ಹೇಳಿ" ಎಂದಳು.
ಹೇಳಿದೆ. ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸಿದೆ.
"ಅಷ್ಟು ಕಡಿದಾಗಿ ಇಳೀತಾ?"
"ಇನ್ನೂ ಕಡಿದಾಗಿ."
ಕಣ್ಣು ತುಂಬಿಕೊಂಡಳು. "ಆವಾಗ ನಿಮಗೆ ಏನನ್ನಿಸ್ತು?"
"ನೀನಿಲ್ವಲ್ಲಾ ಅಂತ."
ಕೈ ಹಿಡಿದುಕೊಂಡಳು. ಬಿಡಲಿಲ್ಲ. ಕಾಫಿ ಇವತ್ತು ತಡವಾಯಿತು.

೪ ಫೆಬ್ರವರಿ ೧೯೯೨
ಹೆಣ್ಣು! ಇಬ್ಬರೂ ಚೆನ್ನಾಗಿದ್ದಾರೆ. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಮಗು ಯಾರ ಹಾಗಿದೆ ಎಂದು ನರ್ಸನ್ನು ಕೇಳಿದೆ. "ಆಪ್ ಹೀ ಆಕೆ ದೇಖೋ ನಾ" — ನೀವೇ ಬಂದು ನೋಡಿ — ಎಂದು ಬಾಗಿಲು ತೆರೆದು ಹಿಡಿದಿದ್ದಾಳೆ. ಎದ್ದೆ —