ಜಾರುವ ಮೆಟ್ಟಿಲು

ದ್ವೀಪದ ಲೈಟ್‌ಹೌಸ್,
ಜನವರಿ ೧೧, ಬೆಳಿಗ್ಗೆ

ನನ್ನ ಮುದ್ದಿನ ಸೊಸೆಗೆ,

ನಿನ್ನ ಸೊಂಟನೋವು ಹೇಗಿದೆ? ನಮ್ಮ ಚಿನಕುರುಳಿಯ ಕೆಮ್ಮು ನಿಂತಿತೆ? ಬಿಸಿನೀರು ಕುಡಿ ಎಂದರೆ ನನ್ನ ಮೊಮ್ಮಗಳು ನಿನಗೇ ಬುದ್ಧಿ ಹೇಳುತ್ತಾಳೆ, ಬಲ್ಲೆ. ನಾನು ಚೆನ್ನಾಗಿದ್ದೇನೆ. ಎಡಗೈ ಮಾತ್ರ ಮೊಣಕೈವರೆಗೆ ಊದಿದೆ, ಮೆಟ್ಟಿಲಲ್ಲಿ ಜಾರಿಬಿದ್ದೆ. ಬರೆಯುವುದು ಬಲಗೈ, ಹಾಗಾಗಿ ನನ್ನ ಕೊರೆತ ನಿನಗೆ ತಪ್ಪಿದ್ದಲ್ಲ. ಕ್ಯಾಲೆಂಡರ್ ನೋಡಿ ಕಲಿತ ಅಕ್ಷರ, ನಗಬೇಡ. ನಿನ್ನ ಗಂಡ ಇದನ್ನು ಓದಿ, ತಿದ್ದಿ, ಆಮೇಲೆ ಲಕೋಟೆ ಅಂಟಿಸುತ್ತಾನಂತೆ.

"ನಾನೀಗ ಮೊದಲಿನವನಲ್ಲ, ಮಗಳನ್ನು ಕರೆದುಕೊಂಡು ಬಂದುಬಿಡು" ಎಂದು ಅವನು ನಿನಗೆ ಬರೆದಾಗ, "ಅತ್ತೆ, ನೀವೊಂದ್ಸಲ ನೋಡ್ಕೊಂಡು ಬನ್ನಿ, ನೀವು ಹೂಂ ಅಂದ್ರೆ ಮುಂದಿನ ಬೋಟಿಗೆ ಹೊರಡ್ತೀನಿ" ಎಂದೆಯಲ್ಲ, ಅದಕ್ಕೇ ಈ ಚಳಿಯಲ್ಲಿ ಬಂದೆ. ಇಲ್ಲಿ ಸಮುದ್ರಕ್ಕೆ ತಲೆ ಕೆಟ್ಟಿದೆ. ಬೋಟನ್ನು ಎರಡು ಸಲ ಬಂಡೆಗೆ ಅಪ್ಪಳಿಸಿತು. ಕೊನೆಗೆ ನನ್ನನ್ನು ಮೂಟೆಯಂತೆ ಹಗ್ಗ ಕಟ್ಟಿ ಮೇಲೆಳೆದರು. ಮರುದಿನ ಒಂದು ಅಲೆ ಅಡುಗೆಮನೆಯ ಬಾಗಿಲನ್ನೇ ಕಿತ್ತು ಒಲೆಯ ಮೇಲೆ ಎಸೆಯಿತು. ಬೆಳಗಾದರೆ ಗೋಪುರದ ಬುಡದಲ್ಲಿ ಹಕ್ಕಿಗಳ ರಾಶಿ. ಬೆಳಕಿಗೆ ನುಗ್ಗಿ, ಗಾಜಿಗೆ ಬಡಿದು, ಕತ್ತು ಮುರಿದುಕೊಂಡವು. ಮಗನ ಸಹಾಯಕ ಅವನ್ನು ಬಕೆಟಿಗೆ ತುಂಬುತ್ತಾನೆ. ಬಾಗಿಲಿಗೆ ತಲೆ ತಗ್ಗಿಸಲು ಮರೆತು ಹಣೆ ತುಂಬ ಬುಗುಟು ಮಾಡಿಕೊಂಡ ಅವನಿಗೆ ನಾನು ಉದ್ದಣ್ಣ ಎಂದು ಹೆಸರಿಟ್ಟಿದ್ದೇನೆ. "ಇವತ್ತು ಹದಿನಾಲ್ಕೇ ಅಜ್ಜಿ, ಪರವಾಗಿಲ್ಲ" ಅನ್ನುತ್ತಾನೆ.

ನಿನ್ನೆ ಅಪರೂಪಕ್ಕೆ ಬಿಸಿಲು ಬಂತು. ಹಗಲಲ್ಲಿ ದೀಪದ ಸುತ್ತ ಪರದೆ ಎಳೆದಿರಬೇಕು. ಇಲ್ಲದಿದ್ದರೆ ಆ ದಪ್ಪ ಗಾಜು ಬಿಸಿಲನ್ನೆಲ್ಲ ಒಂದೇ ಕಡೆ ಕೂಡಿಸಿ ಸುಡುತ್ತದೆ. ಉದ್ದಣ್ಣ ಮರೆತ. ಗೂಟಕ್ಕೆ ತೂಗುಹಾಕಿದ್ದ ನಿನ್ನ ಗಂಡನ ಕೋಟಿಗೆ ಬೆಂಕಿ ಹತ್ತಿತು. ನಾನು ಚಹಾ ಹಿಡಿದು ಹತ್ತುತ್ತಿದ್ದೆ. ಮಗ ಸ್ವಲ್ಪ ಜೋರು ಮಾಡಿದ, ಅಷ್ಟೇ. ಅಷ್ಟರಲ್ಲಿ ಉದ್ದಣ್ಣ ಜಾರಿಬಿದ್ದ, ಇಪ್ಪತ್ತೆರಡು ಮೆಟ್ಟಿಲು. ಅವನನ್ನು ಹಿಡಿಯಲು ಹೋಗಿ ನಾನೂ ಜಾರಿಬಿದ್ದೆ. ಕಬ್ಬಿಣದ ಮೆಟ್ಟಿಲು, ಹಾಗೇ ಕಣೆ. ರಕ್ತವನ್ನೆಲ್ಲ ಮಗನೇ ಒರೆಸಿದ, ಬಟ್ಟೆಯನ್ನೂ ತಾನೇ ಹಿಂಡಿದ, ಎಷ್ಟು ಅಚ್ಚುಕಟ್ಟು! ಇವತ್ತಿನ ಬೋಟಿನಲ್ಲಿ ಉದ್ದಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಈ ಪತ್ರವನ್ನು ಬಂದರಿನಲ್ಲಿ ಅಂಚೆಗೆ ಹಾಕುತ್ತೇನೆ. ನಿನ್ನ ಗಂಡ ಬಹಳ ಬದಲಾಗಿದ್ದಾನೆ. ಕೋಣೆಗೆ ಸುಣ್ಣ ಹೊಡೆದಿದ್ದಾನೆ, ಮಗಳಿಗೆ ಕಿಟಕಿಯ ಪಕ್ಕ ಮಂಚ ಹಾಕಿದ್ದಾನೆ. ಹೂಂ, ಬಾ.

ಚಿನಕುರುಳಿಯ ಎರಡೂ ಕೆನ್ನೆ ನನ್ನ ಪರವಾಗಿ ಹಿಂಡು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಅಂದುಕೋ, ಊದಿಲ್ಲದ ಕೈ.

ನಿನ್ನ ಅತ್ತೆ

ತಾ.ಕ.: ಬೋಟಿನಲ್ಲಿ ಲಕೋಟೆ ಹರಿದು ಬರೆಯುತ್ತಿದ್ದೇನೆ. ಬರಬೇಡ. ಅವನು ಸ್ಪ್ಯಾನರಿನಿಂದ ಉದ್ದಣ್ಣನ ತಲೆಗೆ ಮೂರು ಸಲ ಹೊಡೆದ, ಆಮೇಲೆ ಮೆಟ್ಟಿಲಿನಿಂದ ಕೆಳಕ್ಕೆ ಒದ್ದ. ಅಡ್ಡ ಬಂದ ನನ್ನ ಕೈ ತಿರುಚಿದ. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. "ಅಮ್ಮ, ನೀನು ಜಾರಿಬಿದ್ದೆ, ಗೊತ್ತಾಯ್ತಾ?" ಅಂದ. ಥೇಟ್ ಅವರಪ್ಪನ ದನಿ. ಮದುವೆಯಾದ ವರ್ಷ ನೀನು ತುಟಿ ಒಡೆದುಕೊಂಡು ನಿಂತಾಗ, "ಯಾರಾದ್ರೂ ಕೇಳಿದ್ರೆ ಬಚ್ಚಲಲ್ಲಿ ಜಾರಿಬಿದ್ದೆ ಅನ್ನು" ಎಂದು ಹೇಳಿಕೊಟ್ಟವಳು ನಾನೇ. ನನಗೆ ನನ್ನ ಅತ್ತೆ ಹೇಳಿಕೊಟ್ಟಿದ್ದರು. ಈಗ ಬೋಟಿನವನು ಉದ್ದಣ್ಣನ ತಲೆಗೆ ಕಟ್ಟಿದ ಬಟ್ಟೆ ನೋಡಿ "ಏನಣ್ಣ ಇದು?" ಎಂದ. ಉದ್ದಣ್ಣ "ಜಾರಿಬಿದ್ದೆ" ಎಂದ. ನಾನು "ಇಲ್ಲ, ನನ್ನ ಮಗ ಹೊಡೆದ" ಅಂದೆ. ಗಾಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಜಾರಿಬಿದ್ದಿಲ್ಲ ಕಣೆ. ಚಿನಕುರುಳಿಗೆ ಆ ಮಾತು ಕಲಿಸಬೇಡ.